ಆನೆ ಸುದ್ದಿ: ಊರಿಗೊಂದು ನರಮಂಡಲ

ಸಕಲೇಶಪುರ, ಆಲೂರು ತಾಲ್ಲೂಕುಗಳ ಬೆಳೆಗಾರರಿಗೆ ಆನೆಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾದ್ದಿಲ್ಲ. ಗದ್ದೆಯ ಭತ್ತ ತೆನೆ ಕಟ್ಟುವ ಹೊತ್ತಿಗೆ ಅದು ಯಾವ ಕಡೆಯಿಂದ ಇಳಿಯುತ್ತದೆ, ಹಲಸು ಬಲಿತಾಗ ಯಾರ ತೋಟಕ್ಕೆ ಮೊದಲು ನುಗ್ಗುತ್ತದೆ, ಬೈನೆ ಮರವನ್ನು ಹೇಗೆ ಕೆಡವಿ ತಿರುಳು ತಿನ್ನುತ್ತದೆ ಎಂಬುದೆಲ್ಲ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಈ ವಾರ ನಾವು ಬರೆಯಹೊರಟಿರುವುದು ಆನೆಯನ್ನು ಕುರಿತಲ್ಲ, ಆನೆಯ ಸುದ್ದಿಯನ್ನು ಕುರಿತು. ಆ ಸುದ್ದಿ ಯಾರ ಕಣ್ಣಿಗೆ ಮೊದಲು ಬೀಳುತ್ತದೆ, ಯಾರ ಕಿವಿಗೆ ಕೊನೆಗೆ ಬೀಳುತ್ತದೆ, ನಡುವೆ ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಕುರಿತು. ಮಂಜು ಮುಸುಕಿದ ಬೆಳಗಿನಲ್ಲಿ ತೋಟಕ್ಕೆ ಹೊರಟ ಆಳು ಆನೆಗೆ ಎದುರಾಗುವುದು ಬಹುಮಟ್ಟಿಗೆ ಅದು ಅಲ್ಲಿದೆಯೆಂದು ಗೊತ್ತಿಲ್ಲದ್ದರಿಂದ. ಹಿಂದಿನ ರಾತ್ರಿ ಅದೇ ಆನೆಯನ್ನು ಕಂಡವರೋ, ಕೊಂಬೆ ಮುರಿಯುವ ಸದ್ದು ಕೇಳಿದವರೋ ಒಂದು ಮೈಲಿಯ ಆಚೆ ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ಗೊತ್ತಿದ್ದವನಿಗೂ ಗೊತ್ತಿಲ್ಲದವನಿಗೂ ನಡುವಿನ ಆ ಒಂದು ಮೈಲಿಯೇ ಇಂದಿನ ನಮ್ಮ ವಿಷಯ.

ಹಿನ್ನೆಲೆಯನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಹಿನ್ನೀರು ಹಬ್ಬಿತು, ಊರುಗಳು ಮುಳುಗಿದವು, ಜನ ಬೇರೆಡೆಗೆ ಎದ್ದುಹೋದರು. ಕಾಡಿನ ತುಂಡುಗಳು, ತೋಟಗಳು, ಗದ್ದೆಗಳು ಒಂದರೊಳಗೊಂದು ಸೇರಿಕೊಂಡಿರುವ ಈ ಸೀಮೆಯಲ್ಲಿ ಆನೆಗಳು ಬಂದುಹೋಗುವ ಅತಿಥಿಗಳಾಗಿ ಉಳಿಯದೆ ನೆಲೆ ನಿಂತವು. ಹೈಕೋರ್ಟಿನ ನಿರ್ದೇಶನದಂತೆ ರಚಿತವಾದ ಪ್ರೊಫೆಸರ್ ರಾಮನ್ ಸುಕುಮಾರ್ ಅವರ ನೇತೃತ್ವದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆಲೂರು–ಸಕಲೇಶಪುರ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದಿತು. 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಕೆಲವೇ ವರ್ಷಗಳಲ್ಲಿ ಬೇರೆ ಆನೆಗಳು ಬಂದು ಆ ಜಾಗ ತುಂಬಿದವು. 2023ರ ಆಗಸ್ಟ್ ಕೊನೆಯ ದಿನ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಸಲಗಕ್ಕೆ ಅರವಳಿಕೆ ಕೊಡಲು ಹೋದ ಪಳಗಿದ ಗುರಿಕಾರರೊಬ್ಬರು ಅದೇ ಸಲಗಕ್ಕೆ ಬಲಿಯಾದರು. ಅದೇ ವರ್ಷ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ, ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ ಕಾಡಾನೆಯೊಂದಿಗೆ ಕಾದಾಡಿ ಸತ್ತ. ಬಲ್ಲವರ ಪಾಡೇ ಹೀಗಾದರೆ ಕಾಫಿ ಹಣ್ಣು ಬಿಡಿಸಲು ಬಂದ ಹೆಂಗಸಿನ ಪಾಡೇನು?

ಹಿಡಿಯುವುದು, ಸಾಗಿಸುವುದು, ಸೌರಬೇಲಿ, ರೈಲುಕಂಬಿಯ ಬೇಲಿ, ಇವೆಲ್ಲ ಸರ್ಕಾರದ ಕೆಲಸ. ಅವುಗಳ ಬಗ್ಗೆ ಹೇಳಬೇಕಾದ್ದು ಬೇಕಾದಷ್ಟಿದೆ, ಇನ್ನೊಮ್ಮೆ ಹೇಳೋಣ. ಆನೆ ಇರುವವರೆಗೂ ಅದು ಈಗ ಎಲ್ಲಿದೆ ಎಂಬುದನ್ನು ತಿಳಿದು ಬದುಕುವ ಕೆಲಸ ಮಾತ್ರ ನಮ್ಮದು, ನಿಮ್ಮದು.

ಈ ಕೆಲಸ ಶುರುವಾಗಿಯೇ ಇಲ್ಲವೆಂದಲ್ಲ. ಅರಣ್ಯ ಇಲಾಖೆಯು ನೇಚರ್ ಕನ್ಸರ್ವೇಷನ್ ಫೌಂಡೇಶನ್ ಎಂಬ ಸಂಸ್ಥೆಯ ಸಹಕಾರದೊಂದಿಗೆ ಕಳೆದ ದಶಕದ ಉತ್ತರಾರ್ಧದಿಂದ ನಮ್ಮ ಜಿಲ್ಲೆಯಲ್ಲಿ ಮುನ್ನೆಚ್ಚರಿಕೆಯ ವ್ಯವಸ್ಥೆಯೊಂದನ್ನು ನಡೆಸಿಕೊಂಡು ಬಂದಿದೆ. ಮೊಬೈಲಿಗೆ ಬರುವ ಸಂದೇಶ, ದನಿಯಲ್ಲಿ ಬರುವ ಕರೆ, ವಾಟ್ಸ್‌ಆಪ್ ಗುಂಪು, ರಸ್ತೆ ಬದಿಯಲ್ಲಿ ಅಕ್ಷರ ಮಿನುಗುವ ಫಲಕ, ಇವೆಲ್ಲ ನಿಮಗೆ ಪರಿಚಿತ. ಕೆಲವು ಹೆಣ್ಣಾನೆಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಅವುಗಳ ಗುಂಪು ಎತ್ತ ಸಾಗಿದೆ ಎಂಬುದನ್ನು ಗಮನಿಸಲಾಗುತ್ತಿದೆ. 2022ರಲ್ಲಿ ರಚನೆಯಾದ ಆನೆ ಕಾರ್ಯಪಡೆಯ ಹುಡುಗರು ಹಗಲು ರಾತ್ರಿ ಕಾಲ್ನಡಿಗೆಯಲ್ಲಿ ಗುಂಪುಗಳ ಬೆನ್ನುಹತ್ತಿ ತಿರುಗುತ್ತಾರೆ. ಅವರ ಕೆಲಸದ ಬೆಲೆ ಅವರ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಈ ವಿಧಾನಕ್ಕೆ ತವರು ತಮಿಳುನಾಡಿನ ಆನೈಮಲೆ ಬೆಟ್ಟದ ವಾಲ್ಪಾರೈ. ಸುಮಾರು 220 ಚದರ ಕಿಲೋಮೀಟರಿನ ಚಹಾ, ಕಾಫಿ ತೋಟಗಳ ಆ ಪ್ರಸ್ಥಭೂಮಿಯಲ್ಲಿ ಅದೇ ಸಂಸ್ಥೆಯ ಆನಂದ ಕುಮಾರ್ ಮತ್ತು ಅವರ ಸಂಗಡಿಗರು, ಆನೆಯಿಂದ ಜನ ಸತ್ತದ್ದು ಹೇಗೆ ಎಂದು ಒಂದೊಂದೇ ಪ್ರಕರಣವನ್ನು ಕೆದಕಿ ನೋಡಿದರು. ಸತ್ತವರಲ್ಲಿ ಬಹುಮಂದಿಗೆ ಆನೆ ಹತ್ತಿರದಲ್ಲಿದೆ ಎಂಬುದೇ ಗೊತ್ತಿರಲಿಲ್ಲವೆಂದು ಕಂಡುಬಂತು. ಮೊದಲು ಊರಿನ ಕೇಬಲ್ ಟಿ.ವಿ.ಯಲ್ಲಿ ಸಂಜೆಯ ಹೊತ್ತು ಆನೆ ಇರುವ ಜಾಗ ತಿಳಿಸುವ ಸಾಲು ಹರಿಯಿತು. 2011ರಿಂದ ಮೊಬೈಲ್ ಸಂದೇಶ ಬಂತು. ಆಮೇಲೆ ಎತ್ತರದ ಜಾಗಗಳಲ್ಲಿ ಕೆಂಪು ದೀಪಗಳು ಬಂದವು. ದೀಪಕ್ಕೆ ಜೋಡಿಸಿದ ಸಂಖ್ಯೆಗೆ ನೋಂದಾಯಿತ ಮೊಬೈಲಿನಿಂದ ಕರೆ ಮಾಡಿದರೆ ದೀಪ ಮಿನುಗತೊಡಗುತ್ತದೆ. ದೂರದಿಂದಲೇ ಕಂಡವನು ದಾರಿ ಬದಲಿಸುತ್ತಾನೆ. ಇಲ್ಲಿ ಗಮನಿಸಬೇಕಾದ ಸಂಗತಿ ದೀಪವಲ್ಲ. ಶುರುವಿನಲ್ಲಿ ಸಂಸ್ಥೆಯವರೇ ಹೊತ್ತಿಸುತ್ತಿದ್ದ ದೀಪವನ್ನು ಬರಬರುತ್ತಾ ಊರಿನವರೇ ಹೊತ್ತಿಸತೊಡಗಿದರು. ಸಾವುಗಳು ತಗ್ಗಿದವು. ಈ ಕೆಲಸಕ್ಕಾಗಿ ಆನಂದ ಕುಮಾರ್ ಅವರಿಗೆ 2015ರಲ್ಲಿ ಬ್ರಿಟನ್ನಿನ ವಿಟ್ಲಿ ಪ್ರಶಸ್ತಿ ಸಂದಿತು.

ವಾಲ್ಪಾರೈಯಲ್ಲಿ ಆದದ್ದನ್ನು ಅರ್ಥ ಮಾಡಿಕೊಳ್ಳಲು ನಮ್ಮ ತಲೆಯೊಳಗಿನ ಮೆದುಳನ್ನೇ ಹೋಲಿಕೆಗೆ ತೆಗೆದುಕೊಳ್ಳಬಹುದು. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಎಣಿಸಿದ್ದಾರೆ. ಆಫ್ರಿಕದ ಆನೆಯ ಮೆದುಳಿನಲ್ಲಿ ಅದರ ಮೂರು ಪಟ್ಟು, ಅಂದರೆ ಸುಮಾರು 25,700 ಕೋಟಿ ಇವೆ. (ಅವುಗಳಲ್ಲಿ ಬಹುಪಾಲು ಹಿಮ್ಮೆದುಳಿನಲ್ಲಿವೆಯಂತೆ, ಹಾಗಾಗಿ ನಾವು ಸದ್ಯಕ್ಕೆ ಗಾಬರಿಯಾಗಬೇಕಿಲ್ಲ.) ಈ ಕೋಟ್ಯಂತರ ಕೋಶಗಳಲ್ಲಿ ಯಾವ ಒಂದಕ್ಕೂ ಏನೂ ಪೂರ್ತಿಯಾಗಿ ಗೊತ್ತಿಲ್ಲ. ಅಲ್ಲಿ ಯಜಮಾನನಿಲ್ಲ, ಅಮಲ್ದಾರನಿಲ್ಲ. ಒಂದೊಂದು ಕೋಶವೂ ತನ್ನ ನೆರೆಯವುಗಳಿಂದ ಬರುವ ಸಣ್ಣ ಸುದ್ದಿಗಳನ್ನು ಕೂಡಿಸಿ, ಅವು ಒಂದು ಮಟ್ಟ ಮೀರಿದರೆ ಮಾತ್ರ ಮುಂದಕ್ಕೆ ದಾಟಿಸುತ್ತದೆ, ಇಲ್ಲವಾದರೆ ಸುಮ್ಮನಿರುತ್ತದೆ. ಮತ್ತೆ ಮತ್ತೆ ಒಟ್ಟಿಗೆ ದುಡಿದ ಎರಡು ಕೋಶಗಳ ನಡುವಿನ ದಾರಿ ಗಟ್ಟಿಯಾಗುತ್ತದೆ ಎಂದು ಕೆನಡಾದ ಡೊನಾಲ್ಡ್ ಹೆಬ್ ಎಂಬ ಮನಶ್ಶಾಸ್ತ್ರಜ್ಞ 1949ರಲ್ಲಿಯೇ ಹೇಳಿದ. ಈ ತತ್ತ್ವಗಳನ್ನೇ ಗಣಕಗಳಿಗೆ ಅಳವಡಿಸಿದ ಕೆಲಸಕ್ಕೆ 2024ರಲ್ಲಿ ಹಾಪ್‌ಫೀಲ್ಡ್ ಮತ್ತು ಹಿಂಟನ್ ಅವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಈಗ ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಯ ಬೇರು ಇಲ್ಲಿದೆ.

ಒಂದು ಊರು, ಒಂದು ಹೋಬಳಿ ಕೂಡ ಹೀಗೆಯೇ. ಒಬ್ಬನಿಗೆ ಲದ್ದಿ ಕಂಡಿದೆ, ಇನ್ನೊಬ್ಬಳಿಗೆ ರಾತ್ರಿ ಬೈನೆ ಬಿದ್ದ ಸದ್ದು ಕೇಳಿದೆ, ಮತ್ತೊಬ್ಬನ ನಾಯಿ ಬೊಗಳಿ ಬೊಗಳಿ ಬಾಲ ಮುದುರಿ ಒಳಗೆ ಬಂದಿದೆ. ಮೂರೂ ಮೂರು ಮನೆಯಲ್ಲಿ ಉಳಿದರೆ ಅದು ಕಾಡುಹರಟೆ. ಮೂರೂ ಒಂದೆಡೆ ಕೂಡಿದರೆ ಅದು ಬುದ್ಧಿ. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ನಮ್ಮ ಗಾದೆ ಸಹಾಯವನ್ನು ಕುರಿತದ್ದಾದರೂ ಸುದ್ದಿಗೂ ಸಲ್ಲುತ್ತದೆ.

ಈ ದೃಷ್ಟಿಯಿಂದ ನೋಡಿದರೆ ನಮ್ಮಲ್ಲಿ ಈಗಿರುವ ವ್ಯವಸ್ಥೆ ಬೆನ್ನುಹುರಿಯಷ್ಟೇ ಹೊರತು ಮೆದುಳಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ. ಸುದ್ದಿ ಮೇಲಿನಿಂದ ಕೆಳಗೆ ಬರುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿ ಸಣ್ಣದು. ಬೆನ್ನುಹುರಿಯನ್ನು ನಾವು ಹೀಗಳೆಯುತ್ತಿಲ್ಲ. ಕಾದ ಪಾತ್ರೆ ಮುಟ್ಟಿದ ಕೈ ಹಿಂದಕ್ಕೆ ಬರುವುದು ಮೆದುಳನ್ನು ಕೇಳಿಯಲ್ಲ, ಬೆನ್ನುಹುರಿಯ ಅಪ್ಪಣೆಯಿಂದ. ಜೀವ ಉಳಿಸುವುದು ಆ ವೇಗ. ಕೆಂಪು ದೀಪ, ದನಿ ಕರೆ ಈ ಜಾತಿಯವು. ಅವುಗಳಿಗೆ ಚರ್ಚೆ ಬೇಕಿಲ್ಲ, ತಡ ಕೂಡದು. ಆದರೆ ನಾಳೆ ಯಾವ ಪಾತ್ರೆ ಕಾದಿರಬಹುದು ಎಂದು ನೆನಪಿಟ್ಟುಕೊಳ್ಳಲು ಬೆನ್ನುಹುರಿಗೆ ಬಾರದು.

ಮೊದಲ ತೊಡಕು, ರೂಢಿ. ಬೆಳಿಗ್ಗೆ ತೊಟ್ಟ ಅಂಗಿ ಮೈಗೆ ತಗುಲುತ್ತಿರುವುದು ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ಒಂದೇ ಸುದ್ದಿ ಬದಲಾಗದೆ ಬರುತ್ತಿದ್ದರೆ ನರ ಸುಮ್ಮನಾಗುತ್ತದೆ. ಮೊಬೈಲಿಗೂ ಇದೇ ಗತಿ. ಹಾನುಬಾಳಿನವರಿಗೆ ಕೆಂಚಮ್ಮನ ಹೊಸಕೋಟೆಯ ಆನೆಯ ಸುದ್ದಿ, ಪಾಳ್ಯದವರಿಗೆ ಹೆತ್ತೂರಿನ ಆನೆಯ ಸುದ್ದಿ ದಿನವೂ ಬಂದರೆ ಒಂದು ತಿಂಗಳಲ್ಲಿ ಯಾರೂ ಫೋನು ತೆಗೆದು ನೋಡುವುದಿಲ್ಲ. ನಿಜವಾಗಿ ತನ್ನ ಬೇಲಿಯಾಚೆ ನಿಂತ ದಿನದ ಸಂದೇಶವೂ ಆ ರಾಶಿಯಲ್ಲಿ ಹುಗಿದುಹೋಗುತ್ತದೆ. ಹಾಗಾಗಿ ಸುದ್ದಿ ಹತ್ತಿರದವರಿಗೆ ಮಾತ್ರ ಹೋಗಬೇಕು. ಆನೆ ದಾಟಿಹೋದ ಮೇಲೆ 'ಇಲ್ಲಿಂದ ಹೋಯಿತು' ಎಂಬ ಇನ್ನೊಂದು ಸುದ್ದಿಯೂ ಬರಬೇಕು. ಈ ಎರಡನೆಯದನ್ನು ಕಳಿಸುವವರು ತೀರ ಕಡಿಮೆ. ಬಂದದ್ದನ್ನು ಹೇಳಿ ಹೋದದ್ದನ್ನು ಹೇಳದಿದ್ದರೆ ಎಚ್ಚರಿಕೆ ಎಂಬುದು ಹೆದರಿಕೆಯಾಗಿಯೇ ಉಳಿಯುತ್ತದೆ.

ಎರಡನೆಯ ತೊಡಕು ಇನ್ನೂ ದೊಡ್ಡದು. ನಮ್ಮ ತೋಟಗಳಲ್ಲಿ ಆನೆಯನ್ನು ಮೊದಲು ಕಾಣುವವರು ಯಾರು? ಸಾಹುಕಾರರಲ್ಲ. ನಸುಕಿನಲ್ಲಿ ನೀರಿಗೆ ಹೋದ ಲೈನು ಮನೆಯ ಹೆಂಗಸು, ಪಂಪು ಬಿಡಲು ಹೋದ ಆಳು, ಹಾಲಿನ ಡೇರಿಗೆ ಕ್ಯಾನು ಹೊತ್ತು ಹೊರಟ ಹುಡುಗ, ಕಣದ ಕಾವಲಿಗೆ ಮಲಗಿದ ಮುದುಕ. ಇವರೇ ಊರಿನ ನರದ ತುದಿಗಳು. ಇವರಲ್ಲಿ ಎಷ್ಟು ಮಂದಿಯ ಸಂಖ್ಯೆ ಆ ಪಟ್ಟಿಯಲ್ಲಿದೆ? ಎಷ್ಟು ಮಂದಿಗೆ ಕರೆ ಮಾಡಬೇಕಾದ ಸಂಖ್ಯೆ ಗೊತ್ತಿದೆ? ಈಚಿನ ವರ್ಷಗಳಲ್ಲಿ ಅಸ್ಸಾಮಿನ ಕಡೆಯಿಂದ ಕುಟುಂಬಸಮೇತ ಬಂದು ನಮ್ಮ ಲೈನುಗಳಲ್ಲಿ ನೆಲೆಸಿರುವ ಕೂಲಿಕಾರರಿಗೆ ಕನ್ನಡದ ಸಂದೇಶ ಓದಲು ಬಾರದು, ಕನ್ನಡದ ಕರೆ ಅರ್ಥವಾಗದು. ಕೊಯ್ಲಿನ ದಿನ ತೋಟದೊಳಗೆ ಎಲ್ಲರಿಗಿಂತ ಮುಂದೆ ಕಾಲಿಡುವವರು ಅವರೇ. ಅವರ ಭಾಷೆಯಲ್ಲಿ ನಾಲ್ಕು ಮಾತನ್ನು ದನಿಮುದ್ರಿಸಿ ಕಳಿಸುವುದು ಇಂದಿನ ಗಣಕಗಳಿಗೆ ಎಷ್ಟರ ಕೆಲಸ? ಇದನ್ನು ಇಲಾಖೆ ಮಾಡಬೇಕು. ಇಲಾಖೆ ಮಾಡುವವರೆಗೆ ತೋಟದ ರೈಟರು ಮಾಡಬೇಕು.

ಒಂದು ಅಪ್ರಿಯ ಮಾತನ್ನೂ ಹೇಳಬೇಕಾಗಿದೆ. ಕಂಡವರು ಹೇಳದೇ ಇರುವುದಕ್ಕೆ ಫೋನು ಇಲ್ಲದಿರುವುದೊಂದೇ ಕಾರಣವಲ್ಲ. 'ಆನೆ ಇದೆ' ಎಂದರೆ ಆ ದಿನದ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಕೂಲಿ ಹೋಗುತ್ತದೆ. ಇತ್ತ ಬೆಳೆಗಾರರಿಗೆ ಹಣ್ಣು ಉದುರುವ ಚಿಂತೆ, ಆಳು ಸಿಗದ ಚಿಂತೆ, ಆಕಾಶದಲ್ಲಿ ಮೋಡದ ಚಿಂತೆ. 'ಅದು ಮೇಲಿನ ಬ್ಲಾಕಿನಲ್ಲಿದೆ, ಕೆಳಗೆ ಬರುವುದಿಲ್ಲ, ಹೋಗಿ' ಎಂದುಬಿಡುವ ಆಸೆ ಯಾರಿಗೂ ಹುಟ್ಟೀತು. ಸುದ್ದಿ ಹೇಳಿದವನಿಗೇ ನಷ್ಟವಾಗುವ ಏರ್ಪಾಡಿನಲ್ಲಿ ಸುದ್ದಿ ಬರುವುದಿಲ್ಲ. ಎಷ್ಟು ಜಾಣ ಗಣಕವನ್ನು ತಂದಿಟ್ಟರೂ ಬರುವುದಿಲ್ಲ. ಆನೆ ಇರುವ ದಿನ ಆಳುಗಳನ್ನು ಬೇರೆ ಬ್ಲಾಕಿಗೋ ಕಣದ ಕೆಲಸಕ್ಕೋ ತಿರುಗಿಸಬೇಕು. ಅದೂ ಆಗದಿದ್ದರೆ ಅರ್ಧ ಕೂಲಿಯನ್ನಾದರೂ ಕೊಡುವುದೆಂದು ಬೆಳೆಗಾರರ ಸಂಘಗಳು ಹೋಬಳಿವಾರು ಒಪ್ಪಂದಕ್ಕೆ ಬರಲಿ. ಸಣ್ಣ ಬೆಳೆಗಾರರಿಗೆ ಇದು ಹೊರೆಯಾಗುತ್ತದೆಂಬುದನ್ನು ನಾವು ಬಲ್ಲೆವು. ಎರಡು ಎಕರೆಯವನು ತಾನೇ ಆಳು, ತಾನೇ ಸಾಹುಕಾರ. ಅವನ ನಷ್ಟಕ್ಕೆ ಪಂಚಾಯಿತಿಯೋ ಸರ್ಕಾರವೋ ದಾರಿ ಹುಡುಕಬೇಕು. ಮುನ್ನೂರು ಎಕರೆಯ ತೋಟಕ್ಕೆ ಆ ಮಾತು ಅನ್ವಯಿಸುವುದಿಲ್ಲ.

ಇನ್ನು ಜಾಗದ ಹೆಸರು. ಇದು ಸಣ್ಣ ವಿಷಯವೆಂದು ಕಾಣಬಹುದು, ಆದರೆ ಸುದ್ದಿ ಕೆಡುವುದು ಬಹಳ ಸಲ ಇಲ್ಲಿಯೇ. ಒಂದೇ ತೋಟಕ್ಕೆ ನಮ್ಮಲ್ಲಿ ಮೂರು ಹೆಸರು. ಬೋರ್ಡಿನ ಮೇಲೆ ಎಸ್ಟೇಟಿನ ಇಂಗ್ಲಿಷ್ ಹೆಸರು; ಊರಿನವರ ಬಾಯಲ್ಲಿ ಎರಡು ತಲೆಮಾರಿನ ಹಿಂದೆ ಮಾರಿಹೋದ ಹಳೆಯ ಯಜಮಾನರ ಹೆಸರು; ಆಳುಗಳಿಗೆ 'ಕೆರೆ ಮೇಲಿನ ತೋಟ'. 'ಕೆರೆ ಹತ್ತಿರ ಆನೆ' ಎಂದು ಸುದ್ದಿ ಬಂದರೆ ಯಾವ ಕೆರೆ? ಆಲೂರು ತಾಲ್ಲೂಕಿನಲ್ಲಿ ಕೆರೆಗಳಿಗೇನು ಬರ! 'ಗೇಟಿನ ಹತ್ತಿರ' ಎಂದರೆ ಯಾವ ಗೇಟು? ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ವ್ಯಾಪ್ತಿಯ ತೋಟ, ಹಳ್ಳ, ಕಟ್ಟೆ, ತಿರುವು, ಬಸ್ಸು ನಿಲ್ಲುವ ಮರ, ಇವಕ್ಕೆಲ್ಲ ಒಂದೊಂದು ಹೆಸರನ್ನು ಗೊತ್ತುಮಾಡಿ ನಕ್ಷೆಯೊಂದನ್ನು ಬರೆಸಲಿ. ಹಳೆಯ ಹೆಸರುಗಳನ್ನೂ ಪಕ್ಕದಲ್ಲಿ ಬರೆಯಲಿ. ಕೂಡಿ ಯೋಚಿಸಬೇಕಾದವರಿಗೆ ಮೊದಲು ಕೂಡುಮಾತು ಇರಬೇಕು. ಆನೆಗಳ ವಿಷಯದಲ್ಲಿ ಜನ ಇದನ್ನು ಯಾರ ಅಪ್ಪಣೆಯೂ ಇಲ್ಲದೆ ಮಾಡಿಕೊಂಡಿದ್ದಾರೆ. ಭೀಮ ಎಂದರೆ ಯಾವ ಸಲಗವೆಂದು ಎರಡು ತಾಲ್ಲೂಕಿಗೂ ಗೊತ್ತು; ಬೀಟಮ್ಮನ ಗುಂಪು, ಭುವನೇಶ್ವರಿಯ ಗುಂಪು ಎಂದರೆ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಹೆಸರಿದ್ದರೆ ಗುಣ ನೆನಪಿರುತ್ತದೆ, ಗುಣ ನೆನಪಿದ್ದರೆ ಯಾವುದಕ್ಕೆ ಎಷ್ಟು ದೂರ ನಿಲ್ಲಬೇಕೆಂಬುದು ತಿಳಿಯುತ್ತದೆ.

ಸುಳ್ಳು ಸುದ್ದಿಯ ಮಾತಿಗೆ ಬರೋಣ. 'ತೋಳ ಬಂತು ತೋಳ' ಎಂಬ ಶಾಲೆಯ ಕಥೆಯ ಹುಡುಗ ಈಗ ವಾಟ್ಸ್‌ಆಪ್ ಗುಂಪಿನಲ್ಲಿದ್ದಾನೆ. ಹೋದ ವರ್ಷದ, ಬೇರೆ ಜಿಲ್ಲೆಯ, ಕೆಲವೊಮ್ಮೆ ಬೇರೆ ರಾಜ್ಯದ ಆನೆಯ ಚಿತ್ರವನ್ನು 'ಈಗ ತಾನೆ ನಮ್ಮೂರಲ್ಲಿ' ಎಂದು ಹಾಕುವವರಿದ್ದಾರೆ. ಇದಕ್ಕೆ ಮೆದುಳಿನ ಉಪಾಯವೇ ಮದ್ದು. ಒಂದು ಕೋಶ ಕೂಗಿದ ಮಾತ್ರಕ್ಕೆ ಇಡೀ ಮೆದುಳು ಓಡುವುದಿಲ್ಲ; ಹಿಂದೆ ನಿಜ ಹೇಳಿದ ದಾರಿಯ ಮಾತಿಗೆ ತೂಕ ಹೆಚ್ಚು. ಹತ್ತು ಬಾರಿ ಸರಿಯಾಗಿ ತಿಳಿಸಿದವರ ಒಂದು ಕರೆ ಸಾಕು. ಹೊಸಬರದಾದರೆ ಇನ್ನೊಂದು ದಿಕ್ಕಿನಿಂದ ಎರಡನೆಯ ಮಾತು ಬರಲಿ. ಈ ಲೆಕ್ಕವನ್ನು ಗಣಕ ಸುಲಭವಾಗಿ ಇಟ್ಟೀತು. ಆದರೆ ಒಂದು ಎಚ್ಚರಿಕೆ ಅಗತ್ಯ. ತೂಕವನ್ನು ನಿಜ ಹೇಳಿದ ದಾಖಲೆಯ ಮೇಲೆ ಕೊಡಬೇಕೇ ಹೊರತು ಹೇಳಿದವರ ಎಕರೆಯ ಮೇಲಲ್ಲ. ಲೈನು ಮನೆಯ ಹೆಂಗಸಿನ ಮಾತು ಸರಿಯಾಗಿ ಬಂದಿದ್ದರೆ ಅದು ಪ್ಲಾಂಟರ ಮಾತಿನಷ್ಟೇ ಭಾರವಾಗಬೇಕು. ಸಂಶಯವಿದ್ದಾಗಲೂ ಹತ್ತಿರದ ದೀಪ ಹೊತ್ತಲಿ. ದೂರಕ್ಕೆ ಸುದ್ದಿ ಹೋಗುವುದು ಬೇಕಾದರೆ ತಡವಾಗಲಿ. ಸುಳ್ಳಿಗೆ ಹೊತ್ತಿದ ದೀಪದಿಂದ ಒಂದು ಗಂಟೆ ಕೆಲಸ ಕೆಟ್ಟೀತು. ಹೊತ್ತದ ದೀಪದಿಂದ ಒಂದು ಮನೆ ಕೆಡುತ್ತದೆ.

ಯಂತ್ರದ ಕಣ್ಣುಗಳನ್ನು ಕುರಿತು ಓದುಗರು ಕೇಳಬಹುದು. ಕೊಯಮತ್ತೂರಿನ ಬಳಿ ಮದುಕ್ಕರೈಯಲ್ಲಿ ರೈಲು ಹಳಿಯ ಪಕ್ಕದಲ್ಲಿ ಗೋಪುರಗಳನ್ನು ನಿಲ್ಲಿಸಿ, ಮೈಯ ಶಾಖದಿಂದ ಆನೆಯನ್ನು ಗುರುತಿಸುವ ಕ್ಯಾಮೆರಾಗಳನ್ನು 2024ರಲ್ಲಿ ತಮಿಳುನಾಡು ಸರ್ಕಾರ ಅಳವಡಿಸಿತು. ಕತ್ತಲಲ್ಲಿ ಕಂಡದ್ದು ಎಮ್ಮೆಯೋ ಆನೆಯೋ ಎಂದು ನರಜಾಲದ ಗಣಕ ತಾನೇ ತೀರ್ಮಾನಿಸಿ ರೈಲ್ವೆಗೆ ತಿಳಿಸುತ್ತದೆ. ಒಳ್ಳೆಯ ಕೆಲಸ. ಆದರೆ ರೈಲು ಹಳಿ ಒಂದು ಗೆರೆ, ನಮ್ಮದು ಗೆರೆಯಲ್ಲ. ಸಿಲ್ವರ್ ಓಕಿನ ನೆರಳು, ಮೆಣಸಿನ ಬಳ್ಳಿ, ಆಳೆತ್ತರದ ರೊಬಸ್ಟಾ ಗಿಡ, ಇವುಗಳ ನಡುವೆ ಇಪ್ಪತ್ತು ಗಜದಾಚೆ ನಿಂತ ಆನೆ ಮನುಷ್ಯನಿಗೇ ಕಾಣುವುದಿಲ್ಲ. ಹೆದ್ದಾರಿ ದಾಟುವ ಜಾಗ, ಹಿನ್ನೀರಿನ ಅಂಚು, ಕಾಡಿನಿಂದ ಇಳಿಯುವ ಗೊತ್ತಾದ ಕಂಡಿ, ಇಂಥ ಕಡೆ ಕ್ಯಾಮೆರಾ ಇರಲಿ. ಉಳಿದೆಲ್ಲ ಕಡೆ ಲೈನು ಮನೆಯ ಕಣ್ಣು ಕಿವಿಗಳೇ ಬೇಕು. ಕೋಟಿಗಟ್ಟಲೆ ರೂಪಾಯಿ ಯಂತ್ರಕ್ಕೆ ಸುರಿದು, ದಿನದ ನೂರು ಸುದ್ದಿಗಳನ್ನು ಉಚಿತವಾಗಿ ಕೊಡಬಲ್ಲ ಜನರಿಂದ ಒಂದು ಕರೆಯನ್ನೂ ಸ್ವೀಕರಿಸದ ವ್ಯವಸ್ಥೆ ಬಂದೀತೆಂಬ ಅಂಜಿಕೆ ನಮಗಿದೆ.

ನೆನಪಿನ ವಿಷಯಕ್ಕೆ ಬಂದರೆ, ಮಲೆನಾಡಿನ ಬೆಳೆಗಾರರಿಗೆ ಹೊಸದಾಗಿ ಕಲಿಸಬೇಕಾದ್ದೇನೂ ಇಲ್ಲ. ಮಳೆಯ ಪುಸ್ತಕ ಇಡದ ತೋಟ ನಮ್ಮಲ್ಲಿ ಅಪರೂಪ. ಬೆಳಿಗ್ಗೆ ಮಾಪಕ ನೋಡಿ, ಇಂತಿಷ್ಟು ಇಂಚು ಇಂತಿಷ್ಟು ಸೆಂಟು ಎಂದು ಬರೆದಿಟ್ಟು, 'ನಿಮ್ಮಲ್ಲಿ ಎಷ್ಟು ಬಂತು?' ಎಂದು ನಾಲ್ಕು ಕಡೆ ವಿಚಾರಿಸದೆ ಕಾಫಿ ಕುಡಿಯದ ಬೆಳೆಗಾರರನ್ನು ನಾವು ಬಲ್ಲೆವು. ಅಜ್ಜನ ಕಾಲದ ಹೂಮಳೆ ಯಾವ ತಾರೀಖಿಗೆ ಬಂತೆಂದು ಮೊಮ್ಮಗ ಪುಟ ತಿರುವಿ ಹೇಳುತ್ತಾನೆ. ಆ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇರಲಿ. ತಾರೀಖು, ಹೊತ್ತು, ಜಾಗ, ಒಂಟಿಯೋ ಗುಂಪೋ, ಮರಿ ಇತ್ತೇ, ಎತ್ತಲಿಂದ ಬಂತು, ಎತ್ತ ಹೋಯಿತು, ಏನು ತಿಂದಿತು, ಯಾರು ಕಂಡರು. ಒಂದು ಸಾಲು ಸಾಕು. ಇಲಾಖೆಯ ಗಣಕದಲ್ಲಿ ಈ ಮಾಹಿತಿ ಈಗಲೂ ಒಂದಷ್ಟು ಸೇರುತ್ತಿದೆ. ಆದರೆ ಅಧಿಕಾರಿ ವರ್ಗವಾಗುತ್ತಾರೆ, ಸಂಸ್ಥೆಯ ಯೋಜನೆ ಮುಗಿಯುತ್ತದೆ. ಊರಿನ ನೆನಪು ಊರಿನಲ್ಲಿಯೇ ಉಳಿಯಬೇಕು. ಪಂಚಾಯಿತಿಯಲ್ಲಿ ಒಂದು ಪ್ರತಿ ಇರಲಿ. ಭತ್ತ ಒಡೆಯುವ ಮುಂಚೆ ಒಮ್ಮೆ, ಹಲಸು ಬಲಿಯುವ ಮುಂಚೆ ಒಮ್ಮೆ ಗ್ರಾಮಸಭೆಯಲ್ಲಿ ಅದನ್ನು ಓದಲಿ. ಐದು ವರ್ಷದ ಪುಸ್ತಕ ಕೂಡಿದರೆ ನವೆಂಬರಿನ ಎರಡನೆಯ ವಾರ ಯಾವ ಹಳ್ಳ ದಾಟುತ್ತವೆಂದು ಮೊದಲೇ ಅಂದಾಜು ಕಟ್ಟಬಹುದು. ಆ ಲೆಕ್ಕಕ್ಕೆ ಗಣಕ ಬೇಕು. ಗಣಕಕ್ಕೆ ನಿಮ್ಮ ಪುಸ್ತಕ ಬೇಕು.

ಆನೆಗಳು ಈ ಕೆಲಸವನ್ನು ನಮಗಿಂತ ಮೊದಲಿನಿಂದ ಮಾಡಿಕೊಂಡು ಬಂದಿವೆ ಎಂಬುದು ಸ್ವಾರಸ್ಯದ ಸಂಗತಿ. ಮನುಷ್ಯನ ಕಿವಿಗೆ ನಿಲುಕದ ತಗ್ಗು ದನಿಯಲ್ಲಿ ಅವು ಕಿಲೋಮೀಟರುಗಳಾಚೆಗೆ ಸುದ್ದಿ ಮುಟ್ಟಿಸುತ್ತವೆಂದು 1980ರ ದಶಕದಲ್ಲಿಯೇ ಕಂಡುಕೊಳ್ಳಲಾಯಿತು. ಕೆನ್ಯಾದ ಅಂಬೊಸೆಲಿಯಲ್ಲಿ ನಡೆದ ಅಧ್ಯಯನವೊಂದು 2001ರಲ್ಲಿ ತೋರಿಸಿಕೊಟ್ಟಂತೆ, ಗುಂಪಿನ ಹಿರಿಯ ಹೆಣ್ಣಾನೆ ಮುದುಕಿಯಾದಷ್ಟೂ ಪರಿಚಿತರು ಯಾರು, ಅಪರಿಚಿತರು ಯಾರು ಎಂದು ದನಿಯಿಂದಲೇ ಗುರುತಿಸುವುದರಲ್ಲಿ ಗುಂಪು ಜಾಣವಾಗಿರುತ್ತದೆ. ನಮ್ಮ ಬೇಲಿಯ ಬಲಹೀನ ಕಂಬ ಯಾವುದು, ಯಾರ ತೋಟದಲ್ಲಿ ಪಟಾಕಿ ಹೊಡೆಯುತ್ತಾರೆ, ಯಾರು ಹೊಡೆಯುವುದಿಲ್ಲ ಎಂಬ ಪುಸ್ತಕವನ್ನು ಅವು ಇಟ್ಟಿವೆಯೋ ಏನೋ.

ಪಟಾಕಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಸುದ್ದಿ ಸಿಕ್ಕ ಕೂಡಲೇ ಮಾಡಬಾರದ ಕೆಲಸಗಳು ಎರಡು. ಒಂದು, ಮೊಬೈಲು ಹಿಡಿದು ಚಿತ್ರ ತೆಗೆಯಲು ಓಡುವುದು. ಎಚ್ಚರಿಕೆಯ ಸಂದೇಶವೇ ಜನ ಸೇರಲು ಕರೆಯೋಲೆಯಾದರೆ ಅದಕ್ಕಿಂತ ಅನರ್ಥವಿಲ್ಲ; ಇದೇ ಕಾರಣದಿಂದ ರೇಡಿಯೋ ಪಟ್ಟಿಯ ಕರಾರುವಾಕ್ಕಾದ ಗುರುತನ್ನು ಎಲ್ಲರಿಗೂ ತೆರೆದಿಡಬೇಕೆಂಬ ಒತ್ತಾಯವನ್ನು ನಾವು ಒಪ್ಪುವುದಿಲ್ಲ. ಎರಡು, ನಮ್ಮ ತೋಟದಿಂದ ಅಟ್ಟಿ ಪಕ್ಕದವರ ತೋಟಕ್ಕೆ ಸೇರಿಸುವುದು. ಅವರು ಮತ್ತೆ ಇತ್ತ ಅಟ್ಟುತ್ತಾರೆ. ಮೂರು ರಾತ್ರಿ ಹೀಗೆ ಚೆಂಡಾಟವಾದ ಗುಂಪು, ಮರಿಯಿದ್ದರಂತೂ, ನಾಲ್ಕನೆಯ ಬೆಳಿಗ್ಗೆ ದಾರಿಯಲ್ಲಿ ಸಿಕ್ಕವನನ್ನು ಬಿಟ್ಟೀತೆ? ಅಟ್ಟಿದವನು ಮನೆಯೊಳಗಿರುತ್ತಾನೆ, ಸಿಕ್ಕವನು ಬೇರೆಯವನಾಗಿರುತ್ತಾನೆ. ಎರಡು ತೋಟದವರ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾರು ಯಾವಾಗ ಅಟ್ಟಿದರೆಂಬುದು ತಾನಾಗಿ ಬಯಲಾಗುತ್ತದೆ. ಪುಸ್ತಕ ಇಡಲು ಕೆಲವರು ಹಿಂಜರಿದರೆ ಕಾರಣ ಇದೂ ಇರಬಹುದು.

ಅರೇಬಿಕಾ ಕೊಯ್ಲಿಗೆ ಆಳು ಇಳಿಸುವ ಮುಂಚೆ ನೀವು ಮಾಡಬಹುದಾದ್ದಿಷ್ಟು. ನಿಮ್ಮ ವಲಯ ಅರಣ್ಯ ಕಚೇರಿಗೆ ಹೋಗಿ ನಿಮ್ಮ ಸಂಖ್ಯೆಯೊಂದೇ ಅಲ್ಲದೆ ರೈಟರು, ಮೇಸ್ತ್ರಿ, ಪಂಪಿನವನು ಮತ್ತು ಪ್ರತಿ ಲೈನಿನಿಂದ ಕನಿಷ್ಠ ಒಬ್ಬ ಹೆಂಗಸಿನ ಸಂಖ್ಯೆಯನ್ನು ಸಂದೇಶದ ಪಟ್ಟಿಗೆ ಸೇರಿಸಿ. ಕಚೇರಿಯ ಸಂಖ್ಯೆಯನ್ನೂ ಆನೆ ಕಾರ್ಯಪಡೆಯ ಸಂಖ್ಯೆಯನ್ನೂ ದೊಡ್ಡ ಅಂಕಿಗಳಲ್ಲಿ ಬರೆಸಿ ಲೈನಿನ ಬಾಗಿಲಿಗೆ, ಕಣದ ಗೋದಾಮಿಗೆ, ಡೇರಿಯ ಗೋಡೆಗೆ ಅಂಟಿಸಿ. ಬೆಳಿಗ್ಗೆ ಹಾಜರಿ ಕೂಗುವ ಮೊದಲು 'ರಾತ್ರಿ ಯಾರಿಗೆ ಏನು ಕೇಳಿಸಿತು?' ಎಂದು ಒಂದು ಮಾತು ಕೇಳುವುದನ್ನು ಮೇಸ್ತ್ರಿಗೆ ರೂಢಿ ಮಾಡಿಸಿ. ಉತ್ತರವನ್ನು ಪುಸ್ತಕಕ್ಕೆ ಬರೆಸಿ. ಹೆತ್ತೂರು, ಯಸಳೂರು ಕಡೆ ಫೋನಿಗೆ ಸಿಗ್ನಲ್ ಸಿಗದ ಗುಂಡಿಗಳು ಇನ್ನೂ ಇವೆ. ಅಲ್ಲಿ ಹತ್ತಿರದ ದಿಬ್ಬಕ್ಕೆ ಕೆಂಪು ದೀಪ ಬೇಕೆಂದು ಪಂಚಾಯಿತಿಯಿಂದ ಠರಾವು ಮಾಡಿಸಿ, ಇಲಾಖೆಗೆ ಕಳಿಸಿ, ಒಂದು ಪ್ರತಿಯನ್ನು ಶಾಸಕರಿಗೂ ಕಳಿಸಿ. ದೀಪಕ್ಕೆ ಜೋಡಿಸಿದ ಫೋನಿಗೂ ಸಿಗ್ನಲ್ ಬೇಕಾದ್ದರಿಂದ ಅದು ಸಿಗುವ ದಿಬ್ಬವನ್ನೇ ಹುಡುಕಿ, ಸರ್ವೆ ನಂಬರಿನೊಂದಿಗೆ ಅರ್ಜಿಯಲ್ಲಿ ಕಾಣಿಸಿ.